ಗೋಡೆ ಏಕೆ ಒಣಗುವುದಿಲ್ಲ? ಹಳೆಯ ಬಡಾವಣೆಯ ಮನೆಗಳ ತೇವ: ಒಂಬತ್ತನೆಯ ತರಗತಿಗೆ ಎರಡು ಪೀರಿಯಡ್‌ಗಳ ವಿಜ್ಞಾನ ಪಾಠ

ಒಂಬತ್ತನೆಯ ತರಗತಿಯಲ್ಲಿ ಆವಿಯಾಗುವಿಕೆಯ ಪಾಠ ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳಲ್ಲಿ ಬಹುಪಾಲು ಜನ ಒದ್ದೆ ಬಟ್ಟೆಯಿಂದ ಆರಂಭಿಸಿ ಒದ್ದೆ ಬಟ್ಟೆಯಲ್ಲೇ ಮುಗಿಸುತ್ತಾರೆ. ಹರಡಿದ ಬಟ್ಟೆ ಬೇಗ ಒಣಗುತ್ತದೆ, ಬಿಸಿಲಿದ್ದರೆ ಬೇಗ ಒಣಗುತ್ತದೆ, ಗಾಳಿ ಬೀಸಿದರೆ ಬೇಗ, ಮಳೆಗಾಲದಲ್ಲಿ ತಡ. ನಾಲ್ಕು ಅಂಶಗಳು ನಾಲ್ಕು ಸಾಲುಗಳಾಗಿ ಕಪ್ಪುಹಲಗೆಯ ಮೇಲೆ ಬರುತ್ತವೆ. ಉದಾಹರಣೆಯಲ್ಲಿ ತಪ್ಪಿಲ್ಲ. ಆದರೆ ಇದು ಮಕ್ಕಳಿಗೆ ಆಗಲೇ ಗೊತ್ತಿರುವ ವಿಷಯ. ಪಾಠ ಆರಂಭವಾಗುವ ಮೊದಲೇ ಉತ್ತರ ಮುಗಿದಿರುತ್ತದೆ. ಒಣಗದೇ ಇರುವ ವಸ್ತುವೊಂದನ್ನು ಮುಂದಿಟ್ಟರೆ ಇದೇ ನಾಲ್ಕು ಅಂಶಗಳಿಗೆ ಕೆಲಸ ಸಿಗುತ್ತದೆ. ಅಂಥ ವಸ್ತು ಹಳೆಯ ಮನೆಯ ಗೋಡೆ.

ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ ಮುಂತಾದ ಬಡಾವಣೆಗಳ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಪಾಠವನ್ನು ಸಿದ್ಧಪಡಿಸಿದೆ. 1898ರ ಪ್ಲೇಗಿನ ನಂತರ ಇಕ್ಕಟ್ಟಾದ ಪೇಟೆಯಿಂದ ಜನ ಹೊರಗೆ ಬಂದು ನೆಲೆಸಿದ ಹೊರವಲಯಗಳು ಇವು. ಈಗ ನಗರದ ನಡುವೆ ಇವೆ. ಮೊದಲ ತಲೆಮಾರಿನ ಮನೆಗಳಲ್ಲಿ ಉಳಿದಿರುವುದು ಕಡಿಮೆ. ಉಳಿದವು ದಪ್ಪ ಇಟ್ಟಿಗೆ ಗೋಡೆಯ ಮನೆಗಳು; ಗಾರೆ ಸುಣ್ಣದ್ದು ಇಲ್ಲವೆ ಮಣ್ಣಿನದು, ಮೇಲೆ ಮಂಗಳೂರು ಹೆಂಚು ಅಥವಾ ಮದ್ರಾಸ್ ತಾರಸಿ, ಕೆಳಗೆ ಕೆಂಪು ಗಾರೆ ನೆಲ. ಮೈಸೂರು, ಧಾರವಾಡ, ಶಿವಮೊಗ್ಗಗಳ ಹಳೆಯ ಬಡಾವಣೆಗಳಲ್ಲಿ ಪಾಠ ಮಾಡುವವರು ಹೆಸರುಗಳನ್ನು ಬದಲಿಸಿಕೊಂಡರೆ ಸಾಕು.

ಶಿಕ್ಷಕರಿಗೆ ಬೇಕಾದ ವಿಷಯಜ್ಞಾನ

ಗೋಡೆಗೆ ನೀರು ಬರುವ ದಾರಿ ಮೂರು: ಮೇಲಿನಿಂದ, ಕೆಳಗಿನಿಂದ, ಒಳಗಿನಿಂದ. ಮೇಲಿನದು ಎಲ್ಲರಿಗೂ ಕಾಣುತ್ತದೆ. ಒಳಗಿನದು ಎಂದರೆ ಗೋಡೆಯಲ್ಲಿ ಹುದುಗಿದ ಹಳೆಯ ಕಬ್ಬಿಣದ ಕೊಳವೆ ತುಕ್ಕು ಹಿಡಿದು ಜಿನುಗುವುದು, ಇಲ್ಲವೆ ಅಡುಗೆಮನೆ, ಬಚ್ಚಲುಮನೆಗಳ ಹಬೆ ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟುವುದು. ಕೆಳಗಿನದನ್ನು ಮಕ್ಕಳಿರಲಿ, ದೊಡ್ಡವರೂ ಸುಲಭವಾಗಿ ನಂಬುವುದಿಲ್ಲ. ನೀರು ಮೇಲಕ್ಕೆ ಹರಿಯುತ್ತದೆಯೇ?

ಕೇಶಾಕರ್ಷಣೆಯಿಂದ ಹರಿಯುತ್ತದೆ. 1 ಮಿ.ಮೀ. ವ್ಯಾಸದ ಗಾಜಿನ ನಳಿಕೆಯಲ್ಲಿ ನೀರು ಸುಮಾರು 3 ಸೆಂ.ಮೀ. ಏರುತ್ತದೆ. ವ್ಯಾಸ ಹತ್ತರಲ್ಲೊಂದಾದರೆ ಏರುವ ಎತ್ತರ ಹತ್ತು ಪಟ್ಟಾಗುತ್ತದೆ: 0.1 ಮಿ.ಮೀ.ಗೆ 30 ಸೆಂ.ಮೀ., 0.01 ಮಿ.ಮೀ.ಗೆ 3 ಮೀಟರ್. ಇಟ್ಟಿಗೆ ಮತ್ತು ಗಾರೆಯಲ್ಲಿ ಇಷ್ಟು ಸಣ್ಣ, ಇದಕ್ಕಿಂತಲೂ ಸಣ್ಣ ರಂಧ್ರಗಳಿವೆ. ಹಾಗಾದರೆ ನೆಲದ ನೀರು ಸೂರಿನವರೆಗೂ ಏರಬೇಕಲ್ಲ, ಹಳೆಯ ಮನೆಗಳಲ್ಲಿ ಸೊಂಟದ ಎತ್ತರಕ್ಕೇ ಏಕೆ ನಿಲ್ಲುತ್ತದೆ? ಈ ಪ್ರಶ್ನೆಯೇ ಪಾಠದ ತಿರುಳು. ಗೋಡೆ ಕೆಳಗಿನಿಂದ ಕುಡಿದ ನೀರನ್ನು ಇಕ್ಕೆಲದ ಮೈಯಿಂದ ಆವಿಯಾಗಿ ಬಿಡುತ್ತಿರುತ್ತದೆ. ಕುಡಿದದ್ದು ಮತ್ತು ಬಿಟ್ಟದ್ದು ಸಮವಾಗುವ ಎತ್ತರದಲ್ಲಿ ತೇವದ ಗೆರೆ ನಿಲ್ಲುತ್ತದೆ. ಬಹಳಷ್ಟು ಗೋಡೆಗಳಲ್ಲಿ ಅದು ನೆಲದಿಂದ ಒಂದು ಮೀಟರಿನ ಆಸುಪಾಸು.

ಈ ಸಮತೋಲನ ತಿಳಿದರೆ ಉಳಿದದ್ದೆಲ್ಲ ಸರಣಿಯಾಗಿ ಬರುತ್ತದೆ. ಸುಣ್ಣದ ಗಾರೆ, ಸುಣ್ಣದ ಬಣ್ಣ ಇರುವ ಗೋಡೆ ಉಸಿರಾಡುತ್ತದೆ ಎಂದು ಹಳೆಯ ಮೇಸ್ತ್ರಿಗಳು ಹೇಳುವುದು ಇದನ್ನೇ. (ಗೋಡೆಗೆ ಶ್ವಾಸಕೋಶವಿಲ್ಲ ಎಂದು ಒಬ್ಬ ವಿದ್ಯಾರ್ಥಿ ಖಂಡಿತ ಹೇಳುತ್ತಾನೆ, ಹೇಳಲಿ. ಆವಿ ಹೊರಹೋಗುವ ದಾರಿ ತೆರೆದಿದೆ ಎಂಬುದನ್ನು ಅವನಿಂದಲೇ ಹೇಳಿಸಿ.) ತೇವ ಕಂಡ ಕೂಡಲೇ ಮನೆಯವರು ಮಾಡಿಸುವುದು ಗಟ್ಟಿಯಾದ ಸಿಮೆಂಟ್ ಗಿಲಾವು, ಅದರ ಮೇಲೆ ನೀರು ತಡೆಯುವ ಬಣ್ಣ. ಆವಿಯಾಗುವ ಮೈ ಮುಚ್ಚಿಹೋಯಿತು. ಪಾಯದಿಂದ ಕುಡಿಯುವುದು ನಿಲ್ಲಲಿಲ್ಲ. ಆದ್ದರಿಂದ ಸಮವಾಗುವ ಎತ್ತರ ಮೇಲಕ್ಕೆ ಸರಿಯುತ್ತದೆ. ಸೊಂಟದ ಮಟ್ಟದಲ್ಲಿದ್ದ ಗೆರೆ ಗಿಲಾವಿನ ಅಂಚನ್ನು ದಾಟಿ ಭುಜದ ಮಟ್ಟಕ್ಕೆ ಬರುತ್ತದೆ. ಮನೆಯವರು ಮತ್ತಷ್ಟು ಮೇಲಿನವರೆಗೆ ಸಿಮೆಂಟ್ ಬಳಿಸುತ್ತಾರೆ. ಹೀಗೆ ಪ್ರತಿ ಸಲವೂ ದುಡ್ಡು ಗೋಡೆಯನ್ನು ಇನ್ನಷ್ಟು ಒದ್ದೆಯಾಗಿಡಲು ಖರ್ಚಾಗುತ್ತದೆ.

ನೀರು ಒಂಟಿಯಾಗಿ ಬರುವುದಿಲ್ಲ. ಮಣ್ಣಿನ ಮತ್ತು ಇಟ್ಟಿಗೆಯ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ನೀರು ಆವಿಯಾದ ಕಡೆ ಲವಣ ಉಳಿಯುತ್ತದೆ. ಅದು ಮೈಮೇಲೆ ಹರಳುಗಟ್ಟಿದರೆ ಬಿಳಿಯ ಹುಡಿ, ಒರೆಸಿದರೆ ಹೋಗುತ್ತದೆ. ಬಣ್ಣದ ಅಥವಾ ಗಿಲಾವಿನ ಹಿಂದೆ ರಂಧ್ರಗಳ ಒಳಗೇ ಹರಳುಗಟ್ಟಿದರೆ ಬೆಳೆಯುವ ಹರಳು ರಂಧ್ರದ ಗೋಡೆಯನ್ನು ನೂಕುತ್ತದೆ. ಬಣ್ಣ ಹಪ್ಪಳದಂತೆ ಎದ್ದು ಬರುವುದು, ಮೆದು ಇಟ್ಟಿಗೆ ಹಿಟ್ಟಿನಂತೆ ಉದುರುವುದು ಇದರಿಂದ. ಗಟ್ಟಿ ಗಿಲಾವಿನ ಹಿಂದೆ ಮೆದು ಇಟ್ಟಿಗೆ ಸವೆಯುತ್ತಿದ್ದರೂ ಹೊರಗಿನಿಂದ ಎಲ್ಲವೂ ಭದ್ರವಾಗಿ ಕಾಣುತ್ತದೆ. ಕೆಲವು ಲವಣಗಳು ಗಾಳಿಯ ತೇವವನ್ನೇ ಹೀರುತ್ತವೆ. ಹಾಗಾಗಿ ನೀರಿನ ಮೂಲ ನಿಂತ ಮೇಲೂ ಮಳೆಗಾಲದಲ್ಲಿ ಅದೇ ಜಾಗ ಮತ್ತೆ ಕಪ್ಪಾಗಬಹುದು.

ಪೂರ್ವಸಿದ್ಧತೆ ಮತ್ತು ಪ್ರಾತ್ಯಕ್ಷಿಕೆ

ಬೇಕಾದವು: ಮೂರು ಒಣ ಇಟ್ಟಿಗೆ, ಅಗಲವಾದ ತಟ್ಟೆ, ಅಡುಗೆಮನೆಯ ತೂಕದ ಯಂತ್ರ, ಪಾರದರ್ಶಕ ಅಂಟುಪಟ್ಟಿ, ಸುಮಾರು ಒಂದಡಿ ಉದ್ದದ ಎರಡು ಒತ್ತುಕಾಗದದ ಪಟ್ಟಿ, ಉಪ್ಪು.

ಮೊದಲ ಇಟ್ಟಿಗೆಯನ್ನು ಪೀರಿಯಡ್ ಆರಂಭದಲ್ಲೇ ಎರಡು ಸೆಂ.ಮೀ. ನೀರಿನಲ್ಲಿ ನಿಲ್ಲಿಸಿ, ಐದು ನಿಮಿಷಕ್ಕೊಮ್ಮೆ ಒದ್ದೆಯ ಗೆರೆಯನ್ನು ಒಬ್ಬ ವಿದ್ಯಾರ್ಥಿ ಪೆನ್ಸಿಲಿನಿಂದ ಗುರುತಿಸಲಿ. ನೀರಿಗೆ ಶಾಯಿ ಹಾಕಬೇಡಿ. ಶಾಯಿ ಇಟ್ಟಿಗೆಗೆ ಅಂಟಿಕೊಂಡು ಹಿಂದುಳಿಯುತ್ತದೆ, ನೀರು ಮುಂದೆ ಹೋಗಿರುತ್ತದೆ, ಮಕ್ಕಳು ಶಾಯಿಯ ಗೆರೆಯನ್ನು ಅಳೆಯುತ್ತಾರೆ. ಬರಿ ನೀರಿನ ಗೆರೆಯೇ ಕೆಂಪು ಇಟ್ಟಿಗೆಯ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಗುರುತುಗಳ ನಡುವಿನ ಅಂತರ ಬರಬರುತ್ತಾ ಕಡಿಮೆಯಾಗುವುದನ್ನು ಗಮನಿಸಲು ಬಿಡಿ. ವಿವರಣೆ ಈಗಲೇ ಬೇಡ.

ಉಳಿದ ಎರಡು ಇಟ್ಟಿಗೆಗಳನ್ನು ಒಣಗಿದ್ದಾಗ ತೂಗಿ, ಹಿಂದಿನ ದಿನವೇ ಬಕೆಟ್ಟಿನಲ್ಲಿ ನೆನೆಸಿ, ಮತ್ತೆ ತೂಗಿ. ಮೂರು ಕಿಲೋ ತೂಗುವ ಇಟ್ಟಿಗೆ ನಾನೂರು, ಐನೂರು ಗ್ರಾಮಿನಷ್ಟು ನೀರು ಕುಡಿದಿರಬಹುದು. ಆ ಸಂಖ್ಯೆಗೇ ತರಗತಿಯಲ್ಲಿ ಗುಜುಗುಜು ಏಳುತ್ತದೆ. ಒಂದನ್ನು ಹಾಗೆಯೇ ಬಿಡಿ. ಇನ್ನೊಂದಕ್ಕೆ ಚಿಕ್ಕದೊಂದು ತುದಿ ಬಿಟ್ಟು ಉಳಿದ ಐದೂ ಮುಖಗಳಿಗೆ ಅಂಟುಪಟ್ಟಿ ಸುತ್ತಿ. ಒದ್ದೆ ಮೈಗೆ ಅಂಟು ಹಿಡಿಯದಿದ್ದರೆ ಪ್ಲಾಸ್ಟಿಕ್ ಹಾಳೆ ಸುತ್ತಿ ದಾರ ಕಟ್ಟಿದರೂ ಆದೀತು. ದಿನಕ್ಕೊಮ್ಮೆ ಎರಡನ್ನೂ ತೂಗಿ ವಾರದ ನಕ್ಷೆ ಬರೆಯುವುದು ಮಕ್ಕಳ ಕೆಲಸ.

ಮುಚ್ಚಿದ ಮೈಯಲ್ಲಿ ನೀರು ಹೆಚ್ಚು ಎತ್ತರ ಏರುತ್ತದೆ ಎಂಬುದನ್ನು ಇಟ್ಟಿಗೆಯಿಂದ ತೋರಿಸಲು ಹೋಗಬೇಡಿ. ಇಟ್ಟಿಗೆ ಗಿಡ್ಡ, ಮುಚ್ಚಿದ್ದೂ ತೆರೆದದ್ದೂ ತುದಿಯವರೆಗೆ ಒದ್ದೆಯಾಗಿಬಿಡುತ್ತದೆ. ಅದಕ್ಕೆ ಒತ್ತುಕಾಗದವೇ ಸರಿ. ಒಂದು ಪಟ್ಟಿಯ ಎರಡೂ ಮೈಗೆ ಅಂಟುಪಟ್ಟಿ ಹಚ್ಚಿ, ಇನ್ನೊಂದನ್ನು ತೆರೆದಿಟ್ಟು, ಎರಡರ ತುದಿಯೂ ನೀರಿನಲ್ಲಿ ಮುಳುಗುವಂತೆ ತೂಗುಹಾಕಿ ರಾತ್ರಿ ಬಿಡಿ. ಎರಡನೆಯ ದಿನದ ಪೀರಿಯಡ್ ಈ ಎರಡು ಗೆರೆಗಳಿಂದ ಆರಂಭವಾಗಲಿ.

ಮೊದಲ ಪೀರಿಯಡ್: ಪ್ರಶ್ನೆಗಳ ಸರಣಿ

ಪ್ರೇರಣೆಗೆ ಶಾಲೆಯ ಗೋಡೆಯನ್ನೇ ಬಳಸಿ. ನಿಮ್ಮಲ್ಲಿ ಯಾರ ಮನೆ ಸೋರುತ್ತದೆ ಎಂದು ಎಂದಿಗೂ ಕೇಳಬೇಡಿ. ಈ ಬಡಾವಣೆಗಳಲ್ಲಿ ಹಳೆಯ ಮನೆಯ ಮಾಲೀಕರ ಮಕ್ಕಳೂ, ಅದೇ ಮನೆಯ ಹಿಂಭಾಗದ ಒಂದು ಕೋಣೆಯಲ್ಲಿ ಬಾಡಿಗೆಗಿರುವವರ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಬೂಸಲಿನ ವಾಸನೆ ಸಮವಸ್ತ್ರದಲ್ಲೇ ಬರುವ ಮಗುವಿಗೆ ಆ ಪ್ರಶ್ನೆ ವಿಜ್ಞಾನದ ಪ್ರಶ್ನೆಯಾಗಿ ಕೇಳಿಸುವುದಿಲ್ಲ. ಮಕ್ಕಳು ತಾವಾಗಿ ಹೇಳಿದರೆ ಕೇಳಿಸಿಕೊಳ್ಳಿ, ಅವರ ಮಾತನ್ನು ಸಾಕ್ಷ್ಯವಾಗಿ ಬಳಸಿ, ಕನಿಕರ ತೋರಿಸಬೇಡಿ.

ಸಂಭಾಷಣೆ ಹೀಗೆ ಸಾಗಬಹುದು.

ಶಿಕ್ಷಕ: ಕಾರಿಡಾರಿನ ಗೋಡೆಯಲ್ಲಿ ಬಣ್ಣ ಎಲ್ಲಿ ಎದ್ದಿದೆ?
ವಿದ್ಯಾರ್ಥಿ: ಕೆಳಗಡೆ ಸರ್. ಇಲ್ಲಿಯವರೆಗೆ.
ಶಿಕ್ಷಕ: ಮೇಲೆ ಏಕೆ ಎದ್ದಿಲ್ಲ? ಮಳೆ ಮೇಲಿನಿಂದ ತಾನೆ ಬರುವುದು?
ವಿದ್ಯಾರ್ಥಿ: ಮಳೆ ನೀರು ಎರಚುತ್ತೆ ಸರ್, ಅದಕ್ಕೆ.
ಶಿಕ್ಷಕ: ಇದು ಒಳಗಿನ ಗೋಡೆ. ಎರಚಲು ಹೇಗೆ ಬಂತು?
ವಿದ್ಯಾರ್ಥಿನಿ: ನಮ್ಮ ಓನರ್ ಆಂಟಿ ಪ್ರತಿ ದೀಪಾವಳಿಗೂ ಬಣ್ಣ ಹೊಡೆಸ್ತಾರೆ ಸರ್. ಯುಗಾದಿ ಹೊತ್ತಿಗೆ ಮತ್ತೆ ಎದ್ದುಬಿಡುತ್ತೆ.
ಶಿಕ್ಷಕ: ಒಳ್ಳೆಯ ಮಾತು. ಬಣ್ಣ ಹೊಸದು, ಆದರೂ ಎದ್ದಿತು. ಹಾಗಾದರೆ ಕಾರಣ ಬಣ್ಣದ ಮುಂದಿದೆಯೋ ಹಿಂದಿದೆಯೋ?

ಇಲ್ಲಿಗೆ ನಿಲ್ಲಿಸಿ ತಟ್ಟೆಯ ಇಟ್ಟಿಗೆಯ ಕಡೆಗೆ ತಿರುಗಿ. ಎರಚಲು ಎಂಬ ಉತ್ತರವನ್ನು ತಪ್ಪೆಂದು ಬದಿಗೊತ್ತಬೇಡಿ; ಹೊರಗೋಡೆಯಲ್ಲಿ ಅದೂ ನಿಜ. ಯಾವ ಗೋಡೆಗೆ ಯಾವ ಕಾರಣ ಎಂದು ಬೇರ್ಪಡಿಸುವುದೇ ಮುಂದಿನ ಕೆಲಸ.

ಬೇರ್ಪಡಿಸಲು ಒಂದು ಸುಲಭ ಪರೀಕ್ಷೆಯನ್ನು ಮಕ್ಕಳಿಗೆ ಕಲಿಸಿ. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕು ಅಂಚನ್ನೂ ಬಿಗಿಯಾಗಿ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಡುವುದು. ಹನಿಗಳು ಹಾಳೆಯ ಹಿಂಬದಿಯಲ್ಲಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ. ಕೋಣೆಯ ಕಡೆಯ ಮೈಯಲ್ಲಿ ಕಂಡರೆ ಕೋಣೆಯ ಹಬೆಯದು; ಕಿಟಕಿ ತೆರೆದು, ಬೀರುವನ್ನು ಗೋಡೆಯಿಂದ ಅರ್ಧ ಅಡಿ ಸರಿಸಿದರೆ ಅರ್ಧ ಸಮಸ್ಯೆ ಹೋಗುತ್ತದೆ. ಕಲೆಯ ಆಕಾರವೂ ಮಾತನಾಡುತ್ತದೆ. ನೆಲದುದ್ದಕ್ಕೂ ಅಡ್ಡ ಪಟ್ಟಿಯಾಗಿದ್ದರೆ ಪಾಯದ ನೀರು, ಗೋಡೆಯ ನಡುವೆ ದುಂಡಗಿದ್ದರೆ ಕೊಳವೆ, ಮೇಲಿನಿಂದ ನಾಲಿಗೆಯಂತೆ ಇಳಿದಿದ್ದರೆ ತಾರಸಿ ಅಥವಾ ಹೆಂಚು.

ಪಾಯದ ನೀರಿನ ಕಾರಣಗಳನ್ನು ಬಡಾವಣೆಯಲ್ಲೇ ನೋಡಬಹುದು. ರಸ್ತೆಗೆ ಪದರದ ಮೇಲೆ ಪದರ ಡಾಂಬರು ಬಿದ್ದು ಹಳೆಯ ಮನೆಯ ಅಂಗಳಕ್ಕಿಂತ ರಸ್ತೆ ಎತ್ತರವಾಗಿದೆ. ಮಳೆ ನೀರು ಗೇಟಿನೊಳಕ್ಕೆ ಹರಿಯುತ್ತದೆ. ಮಣ್ಣಿನ ಅಂಗಳಕ್ಕೆ ಕಾಂಕ್ರೀಟ್ ಹಾಕಿದ್ದರಿಂದ ಮಣ್ಣಿನ ತೇವ ಆವಿಯಾಗುವ ದಾರಿ ತಪ್ಪಿ ಗೋಡೆಯನ್ನು ಹಿಡಿದಿದೆ. ಗೋಡೆಗೆ ಒತ್ತಿಕೊಂಡೇ ಸಂಪು ತೋಡಲಾಗಿದೆ. ಶಾಲೆಯಿಂದ ಮೊದಲ ತಿರುವಿನವರೆಗೆ ಹತ್ತು ನಿಮಿಷ ನಡೆದರೆ ಮೂರಕ್ಕೂ ಉದಾಹರಣೆ ಸಿಗುತ್ತದೆ. ಮುಖ್ಯೋಪಾಧ್ಯಾಯರ ಅನುಮತಿ ಪಡೆಯಿರಿ. ಯಾರ ಕಾಂಪೌಂಡಿನೊಳಕ್ಕೂ ಹೋಗದೆ ರಸ್ತೆಯಿಂದಲೇ ನೋಡಿ.

ಎರಡನೆಯ ಪೀರಿಯಡ್: ತಾರಸಿ, ತೊಲೆ, ದುರಸ್ತಿ

ಒತ್ತುಕಾಗದದ ಗೆರೆಗಳನ್ನು ಅಳೆದು ಮುಗಿಸಿದ ಮೇಲೆ ತಾರಸಿಗೆ ಬನ್ನಿ. ಇಲ್ಲಿ ಅಪಾಯ ಬೇರೆ ಬಗೆಯದು, ಪಾಠದ ಗಂಭೀರ ಭಾಗವೂ ಇದೇ.

ಮದ್ರಾಸ್ ತಾರಸಿಯನ್ನು ಕಪ್ಪುಹಲಗೆಯ ಮೇಲೆ ಅಡ್ಡಸೀಳಿನ ಚಿತ್ರವಾಗಿ ಬರೆಯಿರಿ. ಗೋಡೆಯಿಂದ ಗೋಡೆಗೆ ಮರದ ತೊಲೆಗಳು. ಅವುಗಳ ಮೇಲೆ ಸುಣ್ಣದ ಗಾರೆಯಲ್ಲಿ ಓರೆಯಾಗಿ, ಅಂಚಿನ ಮೇಲೆ ನಿಲ್ಲಿಸಿದ ತೆಳು ಇಟ್ಟಿಗೆಗಳು. ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣದ ಪದರ. ಎಲ್ಲಕ್ಕೂ ಮೇಲೆ ಚಪ್ಪಟೆ ಬಿಲ್ಲೆಗಳು. ಜಲ್ಲಿಯ ಪದರಕ್ಕೆ ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ ಮರದ ಹಲಗೆಗಳಿಂದ ದಿನಗಟ್ಟಲೆ ಬಡಿದು ಗಟ್ಟಿಮಾಡುತ್ತಿದ್ದರು. ನೀರು ನಿಲ್ಲದಂತೆ ಇಳಿಜಾರು ಸರಿಯಾಗಿದ್ದರೆ ಇಂಥ ತಾರಸಿ ನೂರು ವರ್ಷ ಬಾಳಿದ್ದುಂಟು.

ಈಗ ಲೆಕ್ಕ ಕೊಡಿ. ಸಾವಿರ ಚದರಡಿ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ನೀರು ಹೋಗುವ ತೂಬಿಗೆ ಎಲೆ ಕಟ್ಟಿಕೊಂಡು 5 ಸೆಂ.ಮೀ. ನೀರು ನಿಂತರೆ ಅದರ ತೂಕವೆಷ್ಟು? 93ನ್ನು 0.05ರಿಂದ ಗುಣಿಸಿದರೆ 4.65 ಘನ ಮೀಟರ್, ಅಂದರೆ 4,650 ಕಿಲೋ. ಮಕ್ಕಳೇ ಲೆಕ್ಕ ಮಾಡಿ ಬೆಚ್ಚಬೇಕು. ನೀವು ಮೊದಲೇ ಹೇಳಬೇಡಿ. ಸೋರಿಕೆ ನಿಲ್ಲಿಸಲೆಂದು ಹಳೆಯ ಪದರ ತೆಗೆಯದೆ ಒಂದರ ಮೇಲೊಂದು ಸಿಮೆಂಟ್ ಹಾಕಿಸುತ್ತಾ ಹೋದ ತಾರಸಿಯ ಮೇಲೆ ಆ ಸಿಮೆಂಟಿನ ಭಾರವೂ ಸೇರಿಕೊಂಡಿರುತ್ತದೆ.

ಇಷ್ಟೂ ಭಾರ ತೊಲೆಗಳ ತುದಿಯ ಮೂಲಕ ಗೋಡೆಗೆ ಇಳಿಯುತ್ತದೆ. ತುದಿ ಗೋಡೆಯೊಳಗೆ ಹುದುಗಿದೆ, ಕಣ್ಣಿಗೆ ಕಾಣದು, ಗಾಳಿಯಾಡದು. ಗೋಡೆ ಒದ್ದೆಯಾದರೆ ಮರ ಮೊದಲು ಕೊಳೆಯುವುದು ಅಲ್ಲೇ. ಗೆದ್ದಲು ಹತ್ತುವುದೂ ಅಲ್ಲಿಂದಲೇ. ಕೋಣೆಯ ನಡುವೆ ತೊಲೆ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿರಬಹುದು, ತುದಿ ರೊಟ್ಟಿಯ ಚೂರಿನಂತಾಗಿರಬಹುದು. ಆದ್ದರಿಂದ ಮಕ್ಕಳಿಗೆ ಕೆಲವು ಸೂಚನೆಗಳನ್ನು ನೇರವಾಗಿ ಕೊಡಲೇಬೇಕು: ಸೂರು ನಡುವೆ ಜಗ್ಗಿದ್ದರೆ, ತೊಲೆ ಗೋಡೆ ಸೇರುವಲ್ಲಿ ಹೊಸದಾಗಿ ಬಿರುಕು ಅಥವಾ ಹುಡಿ ಬೀಳುತ್ತಿದ್ದರೆ, ಗೋಡೆ ಉಬ್ಬಿದ್ದರೆ, ಆ ಕೋಣೆಯಲ್ಲಿ ಮಲಗಬಾರದು, ಮನೆಯ ಹಿರಿಯರಿಗೆ ಅಂದೇ ಹೇಳಬೇಕು. ಮರವನ್ನು ಚುಚ್ಚಿ ನೋಡುವ, ತಟ್ಟಿ ನೋಡುವ ಕೆಲಸ ಮೇಸ್ತ್ರಿ ಅಥವಾ ಎಂಜಿನಿಯರದು, ಮಕ್ಕಳದಲ್ಲ. ಒದ್ದೆ ಗೋಡೆಯ ಸ್ವಿಚ್ಚನ್ನು ಮುಟ್ಟಬಾರದು, ಮುಟ್ಟಿದಾಗ ಜುಮ್ಮೆಂದರೆ ಮೇನ್ ಆರಿಸಲು ದೊಡ್ಡವರಿಗೆ ಹೇಳಬೇಕು. ಇಂಥ ಮನೆಗಳಿಗೆ 30 ಮಿಲಿಆಂಪಿಯರ್‌ನ ಸೋರಿಕೆ ತಡೆಯುವ ಬ್ರೇಕರ್ ಅಗತ್ಯವೆಂಬುದನ್ನೂ ಸೇರಿಸಿ. ಈ ಐದು ನಿಮಿಷಗಳನ್ನು ಸಮಯ ಸಾಲದೆಂದು ಬಿಡಬೇಡಿ. ವೀಕ್ಷಕರು ಅಂಕ ಕೊಡುವುದು ಬೇರೆ ಕಡೆಗಾದರೂ ಸರಿಯೆ.

1970ರ ನಂತರದ ಆರ್.ಸಿ.ಸಿ. ಮನೆಗಳ ಬಗ್ಗೆ ಒಂದು ಮಾತು ಸಾಕು: ಕಾಂಕ್ರೀಟಿನೊಳಗಿನ ಕಬ್ಬಿಣ ತುಕ್ಕು ಹಿಡಿದರೆ ಹಲವು ಪಟ್ಟು ಹಿಗ್ಗಿ, ಮೇಲಿನ ಕಾಂಕ್ರೀಟನ್ನು ಒಡೆದು ಬೀಳಿಸುತ್ತದೆ. ತುಕ್ಕಿನ ಪಾಠಕ್ಕೆ ಅದನ್ನು ಉಳಿಸಿಕೊಳ್ಳಿ.

ದುರಸ್ತಿಯ ವಿಷಯದಲ್ಲಿ ಕ್ರಮವೇ ಮುಖ್ಯ. ಮೊದಲು ನೀರಿನ ಮೂಲ ನಿಲ್ಲಬೇಕು: ತೂಬು ತೆರವು, ಒಡೆದ ಹೆಂಚು ಬದಲು, ಅಂಗಳದ ಇಳಿಜಾರು ಗೋಡೆಯಿಂದ ಆಚೆಗೆ, ಸೋರುವ ಕೊಳವೆ ಬದಲು, ಪ್ಯಾರಪೆಟ್ಟಿನ ಬಿರುಕಿನಲ್ಲಿ ಮೊಳೆತ ಅರಳಿ ಗಿಡ ಚಿಕ್ಕದಿರುವಾಗಲೇ ತೆಗೆಯುವುದು. ಆಮೇಲೆ ತೇವವಿರುವ ಕಡೆಯ ಸಿಮೆಂಟ್ ಗಿಲಾವನ್ನು ಗೆರೆಗಿಂತ ಒಂದೆರಡು ಅಡಿ ಮೇಲಿನವರೆಗೆ ಕೆತ್ತಿ ತೆಗೆದು ಗೋಡೆಯನ್ನು ಒಣಗಲು ಬಿಡಬೇಕು. ಲವಣದ ಹುಡಿಯನ್ನು ಒಣ ಬ್ರಷ್ಷಿನಿಂದ ಗುಡಿಸಬೇಕು. ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಏಕೆ ತೊಳೆಯಬಾರದು ಎಂಬುದನ್ನು ಮಕ್ಕಳಿಂದಲೇ ಹೇಳಿಸಿ, ದ್ರಾವಣದ ಪಾಠ ಅವರಿಗೆ ನೆನಪಿರುತ್ತದೆ. ಗೋಡೆ ಒಣಗಲು ಅಂಗುಲ ದಪ್ಪಕ್ಕೆ ಒಂದು ತಿಂಗಳು ಎಂಬ ಅಂದಾಜು ಕಟ್ಟಡದವರಲ್ಲಿದೆ. ಒಂದಡಿ ಗೋಡೆಗೆ ಒಂದು ವರ್ಷ! ಬಣ್ಣದ ಗುತ್ತಿಗೆಯವರು ಅಷ್ಟು ಕಾಯುವುದಿಲ್ಲ, ಮನೆಯಲ್ಲಿ ಮದುವೆ ಇಟ್ಟುಕೊಂಡವರೂ ಕಾಯಲಾರರು. ಕಡೆಯಲ್ಲಿ ಸುಣ್ಣ, ಮರಳು, ಇಟ್ಟಿಗೆಯ ಪುಡಿಯಾದ ಸುರ್ಕಿ ಸೇರಿದ ಗಿಲಾವು, ಅದರ ಮೇಲೆ ಸುಣ್ಣದ ಬಣ್ಣ. ಈ ಗಿಲಾವು ಇಟ್ಟಿಗೆಗಿಂತ ಮೆದು. ಲವಣ ಉಳಿದಿದ್ದರೆ ಗಿಲಾವು ಸವೆಯುತ್ತದೆ, ಇಟ್ಟಿಗೆ ಉಳಿಯುತ್ತದೆ. ಕೆಲವು ವರ್ಷಕ್ಕೊಮ್ಮೆ ಗಿಲಾವನ್ನು ಬದಲಿಸಿದರಾಯಿತು.

ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಸುಣ್ಣಕಲ್ಲಾಗುವುದು ಹತ್ತನೆಯ ತರಗತಿಯ ರಾಸಾಯನಿಕ ಕ್ರಿಯೆಗಳ ಪಾಠದಲ್ಲಿ ಬರುತ್ತದೆ. ಅಲ್ಲಿಗೆ ಒಂದು ಎಳೆ ಬಿಟ್ಟು ಮುಂದೆ ಹೋಗಿ. ಸುಟ್ಟ ಸುಣ್ಣವನ್ನು ನೀರಿಗೆ ಹಾಕುವ ಪ್ರಯೋಗವನ್ನು ತರಗತಿಯಲ್ಲಿ ಮಕ್ಕಳ ಕೈಯಲ್ಲಿ ಮಾಡಿಸಬೇಡಿ. ಕುದಿದು ಸಿಡಿದರೆ ಕಣ್ಣಿಗೆ ಅಪಾಯ.

ಮೌಲ್ಯಮಾಪನ ಮತ್ತು ಗೃಹಕಾರ್ಯ

ಆವಿಯಾಗುವಿಕೆಯ ಮೇಲೆ ಪ್ರಭಾವ ಬೀರುವ ನಾಲ್ಕು ಅಂಶಗಳನ್ನು ಬರೆಯಿರಿ ಎಂಬ ಪ್ರಶ್ನೆಯ ಬದಲು ಇದನ್ನು ಕೊಡಿ: ಒಂದು ಮನೆಯಲ್ಲಿ ಗೋಡೆಯ ಕೆಳಭಾಗಕ್ಕೆ ನಾಲ್ಕಡಿ ಎತ್ತರದವರೆಗೆ ಹೊಳಪಿನ ಟೈಲ್ಸ್ ಹಚ್ಚಿಸಿದ್ದಾರೆ. ಟೈಲ್ಸ್ ಒಣಗಿದೆ, ಅದರ ಮೇಲಿನ ಗೋಡೆ ಹೊಸದಾಗಿ ಒದ್ದೆಯಾಗಿದೆ. ಮನೆಯವರು ತಾರಸಿ ಸೋರುತ್ತಿದೆ ಎನ್ನುತ್ತಾರೆ. ನೀವು ಒಪ್ಪುತ್ತೀರಾ? ಯಾವ ಪರೀಕ್ಷೆಯಿಂದ ತೀರ್ಮಾನಿಸುತ್ತೀರಿ? ಮೇಲ್ಮೈ ವಿಸ್ತೀರ್ಣದ ಅಂಶವನ್ನು ಬಳಸಿದವರಿಗೆ ಅರ್ಧ ಅಂಕ, ಪರೀಕ್ಷೆಯನ್ನು ಸೂಚಿಸಿದವರಿಗೆ ಉಳಿದರ್ಧ. ಟೈಲ್ಸ್ ಕೀಳಿಸಿ ಎಂದಷ್ಟೇ ಬರೆದವರಿಗೆ ಅಂಕವಿಲ್ಲ. ಕಾರಣ ಕೇಳಿ ಮತ್ತೆ ಬರೆಸಿ.

ಗೃಹಕಾರ್ಯವಾಗಿ ಶಾಲೆಯ ಒಂದು ಗೋಡೆಯ ತೇವದ ಅಂಚಿಗೆ ಪೆನ್ಸಿಲ್ ಗೆರೆ ಎಳೆದು ಪಕ್ಕದಲ್ಲಿ ದಿನಾಂಕ ಬರೆಯಲು ಇಬ್ಬರನ್ನು ನೇಮಿಸಿ. ಹದಿನೈದು ದಿನಕ್ಕೊಮ್ಮೆ ಹೊಸ ಗೆರೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್ ಹೆಚ್ಚು ಮಳೆ ಬೀಳುವ ತಿಂಗಳು; ಮಳೆ ನಿಂತ ಮೇಲೆ ಗೆರೆ ಎಷ್ಟು ತಡವಾಗಿ ಇಳಿಯುತ್ತದೆ ಎಂಬುದು ಜನವರಿಯ ಹೊತ್ತಿಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ನಿಮ್ಮ ಅಭ್ಯಾಸ ಬೋಧನೆಯ ಅವಧಿ ಮುಗಿದಿರುತ್ತದೆ. ಇಟ್ಟಿಗೆಗಳನ್ನೂ ತೂಕದ ನಕ್ಷೆಯನ್ನೂ ದಿನಾಂಕದ ಪಟ್ಟಿಯನ್ನೂ ತರಗತಿಯ ವಿಜ್ಞಾನ ಶಿಕ್ಷಕರಿಗೆ ಒಪ್ಪಿಸಿ, ಮುಂದಿನ ಗೆರೆ ಯಾವ ದಿನ ಎಳೆಯಬೇಕೆಂದು ಆ ಇಬ್ಬರು ಮಕ್ಕಳ ಪುಸ್ತಕದಲ್ಲಿ ಬರೆದುಕೊಟ್ಟು ಬನ್ನಿ.